ಪೆನ್ನು ಬಿಡದೆ ಕೀಲಿಮಣೆಗೆ ಬಂದವರು ಹೇಳಿ

ಪ್ರಶ್ನೆ: ನನಗೀಗ 63. ಮೇಷ್ಟ್ರ ಕೆಲಸದಲ್ಲಿದ್ದಾಗಿನಿಂದಲೂ ಕತೆ ಬರೆಯುತ್ತಿದ್ದೇನೆ, ಎಲ್ಲವೂ ಕೈಬರಹದಲ್ಲೇ. ಈಗ ಪತ್ರಿಕೆಗೆ ಕಳಿಸಬೇಕೆಂದರೆ, ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಸಂಕೇತ ಪದ್ಧತಿಯಾದ ಯುನಿಕೋಡ್‌ನಲ್ಲಿ ಟೈಪ್ ಮಾಡಿ ಮೇಲ್ ಮಾಡಿ ಅನ್ನುತ್ತಾರೆ. ಮೊಬೈಲಿಗೆ ಹೇಳಿ ಬರೆಸಪ್ಪ ಅನ್ನುತ್ತಾಳೆ ಮಗಳು. ಪೆನ್ನು ಬಿಟ್ಟರೆ ಕತೆಯೇ ಹುಟ್ಟಲಾರದು ಎಂಬ ಭಯ ನನಗೆ. ಹಳೆಯ ಎರಡು ಸಂಕಲನಗಳ ಡಿಟಿಪಿ ಫೈಲುಗಳು (ಅಚ್ಚಿಗೆಂದು ಕಂಪ್ಯೂಟರಿನಲ್ಲಿ ಪುಟ ಜೋಡಿಸಿದವು) ಸಿ.ಡಿ.ಯಲ್ಲಿವೆ, ತೆರೆದರೆ ಬರೀ ಇಂಗ್ಲಿಷ್ ಚಿಹ್ನೆಗಳು. ಈ ಹೊಳೆ ದಾಟಿದವರು ಹೇಗೆ ದಾಟಿದಿರಿ?

ಉತ್ತರ 1

ಪೆನ್ನು ಬಿಡಬೇಡಿ ಸಾರ್. ನಾನು 57ಕ್ಕೆ ಟೈಪಿಂಗ್ ಕಲಿತವನು, ಇವತ್ತಿಗೂ ಮೊದಲ ಕರಡು ಹಾಳೆಯ ಮೇಲೇ. ಎರಡನೆಯದನ್ನು ಮಾತ್ರ ನಾನೇ ಕೂತು ಟೈಪ್ ಮಾಡುತ್ತೇನೆ. ಆಗ ಒಂದೊಂದು ವಾಕ್ಯವೂ ಮತ್ತೊಮ್ಮೆ ಬೆರಳಿನಿಂದ ಹಾದುಬರಬೇಕು, ಹಾಳೆಯಲ್ಲಿ ಚೆಂದ ಕಂಡ ಎಷ್ಟೋ ವಿಶೇಷಣಗಳು ಅಲ್ಲೇ ಉದುರಿಹೋಗುತ್ತವೆ. ಬೇರೆಯವರಿಂದ ಟೈಪ್ ಮಾಡಿಸುತ್ತಿದ್ದಾಗ ಈ ಲಾಭ ನನಗೆ ಸಿಕ್ಕಿರಲಿಲ್ಲ.

ಕಲಿಯುವುದಾದರೆ ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸ ಕಲಿಯಿರಿ, ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲಿರುವುದು ಅದೇ. ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ‘ಎಫ್’ ಒತ್ತಿದರೆ ಅಕ್ಷರ ಅರ್ಧವಾಗುತ್ತದೆ. ಅಕ್ಕ ಅನ್ನಲು ಎ, ಕೆ, ಎಫ್, ಕೆ. ನೀವು ಮಕ್ಕಳಿಗೆ ಹೇಳಿಕೊಟ್ಟ ಕಾಗುಣಿತ, ಒತ್ತಕ್ಷರದ ಕ್ರಮವೇ ಇದು, ಹಾಗಾಗಿ ನಿಮಗೆ ನನಗಿಂತ ಬೇಗ ಬರುತ್ತದೆ. ನಾನು ದಿನಕ್ಕೆ ಅರ್ಧ ಗಂಟೆ ಬಸವಣ್ಣನ ವಚನಗಳನ್ನು ಹೊಡೆದು ಅಭ್ಯಾಸ ಮಾಡಿದೆ. ಸಾಲು ಚಿಕ್ಕದು, ಬಾಯಿಪಾಠವಾಗಿರುತ್ತದೆ, ಕಣ್ಣು ಕೀಲಿಯ ಮೇಲೇ ಇರಬಹುದು. ಮೂರು ವಾರಕ್ಕೆ ಕೈ ಕೂತಿತು.

ಒಂದು ಸೂಕ್ಷ್ಮ ಮಾತ್ರ ಮೊದಲೇ ತಿಳಿದಿರಲಿ. ಯುನಿಕೋಡ್‌ನಲ್ಲಿ ರಾಜ್‌ಕುಮಾರ್ ಎಂದು ಹೊಡೆದರೆ ‘ರಾಜ್ಕುಮಾರ್’ ಆಗಿಬಿಡುತ್ತದೆ, ಕ ಹೋಗಿ ಜ ಕೆಳಗೆ ಒತ್ತಾಗಿ ಕೂರುತ್ತದೆ. ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕಬೇಕು. ನಿಮ್ಮ ಕೀಲಿಮಣೆಯಲ್ಲಿ ಅದು ಎಲ್ಲಿದೆ ಎಂದು ಮೊದಲ ದಿನವೇ ಕೇಳಿಕೊಳ್ಳಿ. ನನ್ನ ಒಂದು ಕತೆ ಇಂಥ ಹೆಸರುಗಳ ಸಮೇತ ಹಾಗೇ ಅಚ್ಚಾಗಿ ಬಂತು, ಆ ಸಂಕಟ ಇನ್ನೂ ಹೋಗಿಲ್ಲ.

ಸಿ.ಡಿ.ಯ ಫೈಲು ಹಾಳಾಗಿಲ್ಲ. ಆಗಿನ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಆ ಫಾಂಟ್ ಇಲ್ಲದ ಕಡೆ ಅಡಿಯಲ್ಲಿರುವ ಇಂಗ್ಲಿಷೇ ಕಾಣುತ್ತದೆ. ಅದನ್ನು ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ತಿರುಗಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನೂ, ಮಧ್ಯೆ ಇಂಗ್ಲಿಷಿನಲ್ಲೇ ಇದ್ದ ಪದಗಳನ್ನೂ ಒಂದೊಂದಾಗಿ ನೋಡಿ. ತಪ್ಪು ಹೆಚ್ಚಾಗಿ ಅಲ್ಲೇ.

ಉತ್ತರ 2

ನಾ ಧಾರವಾಡದಾಕಿ. ಕೀಲಿಮಣಿ ನನಗ ಒಗ್ಗಲಿಲ್ಲ, ಮೊಬೈಲಿಗೆ ಹೇಳಿ ಬರಸ್ತೀನಿ. ಲೇಖನಕ್ಕ ಛಲೋ ಅದ, ಕತಿಗೆ ತ್ರಾಸ. ‘ಅವ್ವ ಬರಾಕತ್ತಾಳ’ ಅಂತ ಹೇಳಿದ್ರ ಅದು ‘ಅವ್ವ ಬರ ಕತ್ತಲ’ ಅಂತ ಬರೀತು. ನಮ್ಮ ಮಾತು ಅದಕ್ಕ ಗೊತ್ತಿಲ್ಲ, ಗೊತ್ತಿದ್ದ ಪದಕ್ಕ ಜಗ್ಗತದ. ಅದಕ್ಕ ಸಂಭಾಷಣಿ ಅಷ್ಟೂ ಕೂತು ಬೆರಳಲೇ ತಿದ್ದತೀನಿ, ಅಲ್ಲಿ ನನ್ನ ರಾಜಿ ಇಲ್ಲ. ನಿಮ್ಮ ಪಾತ್ರಗಳು ಊರ ಮಾತು ಆಡತಿದ್ರ ಮಗಳ ಸಲಹಾ ಪೂರಾ ನಂಬಬ್ಯಾಡ್ರಿ.

ಉತ್ತರ 3

ನಾನು ಡಿಟಿಪಿ ಮಾಡುವವನು. ಕೈಬರಹದಲ್ಲೇ ಮುಂದುವರಿಯುವ ಹಿರಿಯರು ನನ್ನ ಬಳಿ ಈಗಲೂ ಬರುತ್ತಾರೆ, ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಹಾಳೆಯ ಒಂದೇ ಮಗ್ಗುಲಿಗೆ ಬರೆಯಿರಿ, ಪುಟಸಂಖ್ಯೆ ಹಾಕಿ, ಊರಿನ ಆಡುಮಾತಿನ ಪದಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಗೆರೆ ಇಲ್ಲದಿದ್ದರೆ ತಪ್ಪೆಂದುಕೊಂಡು ನಾವು ತಿದ್ದಿಬಿಡುತ್ತೇವೆ. ಕರಡು ತಿದ್ದುವುದನ್ನು ಮಾತ್ರ ಯಾರಿಗೂ ಬಿಡಬೇಡಿ.

ಸಿ.ಡಿ.ಯಲ್ಲಿರುವುದು ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್ ಫೈಲಾಗಿದ್ದರೆ ಮನೆಯ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ. ಹಳೆಯ ಡಿಟಿಪಿಯವರ ಹತ್ತಿರ ಹೋಗಿ ಪಠ್ಯ ಹೊರತೆಗೆಸಿ, ಯಾವ ಫಾಂಟ್ ಬಳಸಿದ್ದರು ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ಅದಕ್ಕೂ ಮೊದಲು, ಈ ವಾರವೇ, ಸಿ.ಡಿ.ಯಲ್ಲಿರುವುದನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿಸಿ. ವರ್ಷ ಕಳೆದಂತೆ ಸಿ.ಡಿ.ಯ ಪದರ ಕೆಡುತ್ತದೆ, ಕೆಟ್ಟ ಮೇಲೆ ನಮ್ಮ ಕೈಯಲ್ಲೂ ಏನಾಗುವುದಿಲ್ಲ.