ಕಾಲೇಜಿನ ಕ್ವಾರ್ಟರ್‌ಬ್ಯಾಕ್ ಎನ್‌ಎಫ್‌ಎಲ್‌ನಲ್ಲಿ ನಿಲ್ಲಬಲ್ಲನೇ? – ಸ್ಕೌಟ್ ಒಬ್ಬರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕನ್ನಡಿಗರ ಗುಂಪಿನಲ್ಲಿ ಈಗ ಅಮೆರಿಕನ್ ಫುಟ್‌ಬಾಲ್ ನೋಡುವ ಮನೆಗಳು ಹೆಚ್ಚಾಗಿವೆ, ಕೆಲವು ಮನೆಗಳ ಮಕ್ಕಳು ಆಡುತ್ತಲೂ ಇದ್ದಾರೆ. ಇಲ್ಲಿನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡವೊಂದಕ್ಕಾಗಿ ಹದಿಮೂರು ವರ್ಷ ಕಾಲೇಜು ಆಟಗಾರರನ್ನು ಅಳೆದು ನೋಡಿದ ಸದಸ್ಯರೊಬ್ಬರು, ಅಂದರೆ ಸ್ಕೌಟ್, ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳ ಬಗ್ಗೆ ಇಂದು ಸಂಜೆ ಉತ್ತರಿಸಲು ಒಪ್ಪಿದ್ದಾರೆ. ದಯವಿಟ್ಟು ಕೇಳಿದ್ದನ್ನೇ ಮತ್ತೆ ಕೇಳಬೇಡಿ.

ಡಲ್ಲಾಸ್‌ನ ಸದಸ್ಯರು: ನಮಸ್ಕಾರ ಸರ್. ಎಸೆದ ಪಾಸ್‌ಗಳಲ್ಲಿ ನೂರಕ್ಕೆ ಎಷ್ಟು ಕೈಸೇರಿದವು ಎಂಬ ಲೆಕ್ಕವೇ ಮುಖ್ಯವಲ್ಲವೇ?

ಸ್ಕೌಟ್: ನಮಸ್ಕಾರ. ಆ ಲೆಕ್ಕವನ್ನು ನಾನು ಕೊನೆಗೆ ನೋಡುತ್ತಿದ್ದೆ. ಪಕ್ಕದಲ್ಲೇ ನಿಂತವನಿಗೆ ಸ್ಕ್ರೀನ್ ಪಾಸ್ ಕೊಡುತ್ತಲೇ ಹೋದರೂ ಶೇ. 70 ತಲುಪಬಹುದು. ಜಾಶ್ ಆಲೆನ್ ವಯೋಮಿಂಗ್ ಕಾಲೇಜು ತಂಡದಲ್ಲಿ ಆಡುವಾಗ ಅದು ಶೇ. 56ರ ಆಸುಪಾಸಿನಲ್ಲಿತ್ತು, ಎನ್‌ಎಫ್‌ಎಲ್‌ನ ಬಫಲೋ ತಂಡಕ್ಕೆ ಬಂದ 2018ರಲ್ಲಿ ಶೇ. 53ನ್ನೂ ಮುಟ್ಟಲಿಲ್ಲ, 2020ರಲ್ಲಿ ಶೇ. 69 ದಾಟಿತು. ನಾನು ಮೊದಲು ಹಾಕಿಕೊಂಡು ನೋಡುತ್ತಿದ್ದುದು ಥರ್ಡ್ ಡೌನ್‌ನಲ್ಲಿ, ಅಂದರೆ ಹತ್ತು ಗಜ ಮುನ್ನಡೆಯಲು ಸಿಗುವ ನಾಲ್ಕು ಅವಕಾಶಗಳಲ್ಲಿ ಮೂರನೆಯದರಲ್ಲಿ, ಏಳೆಂಟು ಗಜ ಬೇಕಾಗಿರುವ ಆಟಗಳನ್ನು ಮಾತ್ರ. ಪಾಸ್ ಹಿಡಿಯಬೇಕಾದ ಮೊದಲ ರಿಸೀವರ್‌ನ ದಾರಿ ಮುಚ್ಚಿಹೋದಾಗ ಹುಡುಗನ ಕಣ್ಣು ಎರಡನೆಯವನನ್ನು ಹುಡುಕುತ್ತದೆಯೋ ಅಥವಾ ತನ್ನ ಮೇಲೆ ಬೀಳಲು ಬರುತ್ತಿರುವವನ ಮೇಲೆ ನೆಡುತ್ತದೆಯೋ ಎಂಬುದು ಅಲ್ಲಿ ಕಾಣುತ್ತದೆ. ಕಣ್ಣು ತಿರುಗಿದ ಕಡೆಗೆ ಪಾದವೂ ತಿರುಗಬೇಕು. ತೋಳಿನ ಬಲ ಎಷ್ಟಿದ್ದರೂ ಪಾದ ಹಿಂದುಳಿದರೆ ಚೆಂಡು ತಡವಾಗಿಯೇ ಹೋಗುತ್ತದೆ.

ಫೀನಿಕ್ಸ್‌ನ ಸದಸ್ಯರು: ಎತ್ತರ ಆರಡಿ ನಾಲ್ಕಿಂಚು ಇರಲೇಬೇಕೇ?

ಸ್ಕೌಟ್: ಬೇಕಿಲ್ಲ. ಎನ್‌ಎಫ್‌ಎಲ್‌ನ ದೊಡ್ಡ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಒಬ್ಬನಾದ ಡ್ರೂ ಬ್ರೀಸ್ ಎತ್ತರ ಆರಡಿ.

ಸ್ಯಾನ್ ಹೋಸೆಯ ಸದಸ್ಯರು: ಇದು ಫಾರ್ವರ್ಡ್ ಆಗಿ ಬಂದದ್ದು: “26-27-60 ಸೂತ್ರ. ವಂಡರ್ಲಿಕ್ ಪರೀಕ್ಷೆಯಲ್ಲಿ 26 ಅಂಕ, ಕಾಲೇಜಿನಲ್ಲಿ ಆರಂಭದಿಂದ ಆಡಿದ 27 ಪಂದ್ಯ, ಶೇ. 60 ಪಾಸ್. ಮೂರೂ ಇದ್ದರೆ ಗೆಲುವು ಖಚಿತ.” ಎಲ್ಲರಿಗೂ ತಲುಪಿಸಿ.

ಸ್ಕೌಟ್: ದಯವಿಟ್ಟು ಯಾರಿಗೂ ತಲುಪಿಸಬೇಡಿ. ಈಗಷ್ಟೇ ಹೇಳಿದ ಆಲೆನ್ ಈ ಸೂತ್ರದ ಮೂರನೆಯ ಮೆಟ್ಟಿಲಲ್ಲೇ ಬಿದ್ದುಹೋಗುತ್ತಾನೆ, ಆದರೆ 2024ರ ಋತುವಿನ ಅತ್ಯಂತ ಮೌಲ್ಯಯುತ ಆಟಗಾರ ಅವನೇ. ಹನ್ನೆರಡು ನಿಮಿಷದಲ್ಲಿ ಐವತ್ತು ಪ್ರಶ್ನೆ ಬಿಡಿಸುವ ಆ ಪರೀಕ್ಷೆಯನ್ನು ಎನ್‌ಎಫ್‌ಎಲ್ 2022ರಲ್ಲಿ ಕಾಲೇಜು ಆಟಗಾರರನ್ನು ಪರೀಕ್ಷಿಸುವ ತನ್ನ ಕಂಬೈನ್ ಶಿಬಿರದಿಂದಲೇ ಕೈಬಿಟ್ಟಿದೆ. ಪಂದ್ಯಗಳ ಅನುಭವ ಮುಖ್ಯವೆಂಬುದನ್ನು ಮಾತ್ರ ಒಪ್ಪುತ್ತೇನೆ. ನಾಲ್ಕು ಋತು ಅಯೋವಾ ಸ್ಟೇಟ್‌ಗೆ ಆಡಿದ ಬ್ರಾಕ್ ಪರ್ಡಿಯನ್ನು, ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ 2022ರ ಡ್ರಾಫ್ಟ್‌ನಲ್ಲಿ 262ನೆಯವನಾಗಿ, ಅಂದರೆ ಎಲ್ಲರಿಗಿಂತ ಕೊನೆಗೆ, ಆರಿಸಿದ್ದರು, ಆದರೂ ಅವನು ಎನ್‌ಎಫ್‌ಎಲ್‌ನಲ್ಲಿ ನಿಂತ.

ಓಹಾಯೋದ ಸದಸ್ಯೆ: ಸರ್, ನನ್ನ ಅಕ್ಕನ ಮಗ ಎರಡನೆಯ ಹಂತದ ಕಾಲೇಜು ತಂಡವೊಂದರಲ್ಲಿ ಕ್ವಾರ್ಟರ್‌ಬ್ಯಾಕ್. ಇದು ಅವನ ಮೂರನೆಯ ವರ್ಷ, ಪಾಸ್‌ಗಳಲ್ಲಿ ಶೇ. 70 ಕೈಸೇರುತ್ತವೆ. ಈ ವರ್ಷವೇ ಡ್ರಾಫ್ಟ್‌ಗೆ ಹೆಸರು ಕೊಡುತ್ತೇನೆಂದು ಹಟ ಹಿಡಿದಿದ್ದಾನೆ. ಕೊನೆಯ ಮೂರು ಪಂದ್ಯಗಳ ವಿಡಿಯೋವನ್ನು ನಿಮಗೆ ಖಾಸಗಿಯಾಗಿ ಕಳಿಸಿದ್ದೆ. ಅವನೂ ಅಕ್ಕನೂ ಒಪ್ಪಿದ್ದಾರೆ, ನಿಮ್ಮ ಅಭಿಪ್ರಾಯವನ್ನು ಇಲ್ಲೇ ಹೇಳಬಹುದು.

ಶಿಕಾಗೋದ ಸದಸ್ಯರು: ಹೆಸರು ಕೊಡಲಿ ಬಿಡಿ. 2017ರಲ್ಲಿ ನಮ್ಮ ಶಿಕಾಗೋ ತಂಡಕ್ಕೆ ಟ್ರುಬಿಸ್ಕಿ ಹದಿಮೂರೇ ಪಂದ್ಯ ಆರಂಭದಿಂದ ಆಡಿ ಎರಡನೆಯವನಾಗಿ ಆಯ್ಕೆಯಾಗಲಿಲ್ಲವೇ?

ಕ್ಯಾನ್ಸಸ್ ಸಿಟಿಯ ಸದಸ್ಯರು: ಆಯ್ಕೆಯಾಗುವುದು ಬೇರೆ, ನಿಲ್ಲುವುದು ಬೇರೆ. ಅದೇ ಡ್ರಾಫ್ಟ್‌ನಲ್ಲಿ ಹತ್ತನೆಯವನಾಗಿ ನಮ್ಮೂರಿಗೆ ಬಂದು ನಿಂತವನು ಮಾಹೋಮ್ಸ್.

ಶಿಕಾಗೋದ ಸದಸ್ಯರು: ನಿಮ್ಮ ಮಾಹೋಮ್ಸ್ ಮೊದಲ ವರ್ಷ ಅಲೆಕ್ಸ್ ಸ್ಮಿತ್ ಹಿಂದೆ ಕುಳಿತು ಕಲಿತ. ಆ್ಯಂಡಿ ರೀಡ್ ಅವರಂಥ ಕೋಚ್ ಸಿಕ್ಕಿದ್ದರೆ ನಮ್ಮವನೂ ಬೆಳೆಯುತ್ತಿದ್ದ.

ಕ್ಯಾನ್ಸಸ್ ಸಿಟಿಯ ಸದಸ್ಯರು: ಎಂಟು ವರ್ಷದಿಂದ ಇದೇ ಸಮಾಧಾನ ಹೇಳಿಕೊಳ್ಳುತ್ತಿದ್ದೀರಿ.

ಸ್ಕೌಟ್: ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ, ಈಗ ಅದನ್ನು ಅಲ್ಲಿಗೇ ಬಿಡಿ. ಓಹಾಯೋದ ಮೇಡಂಗೆ ಉತ್ತರಿಸಬೇಕಿದೆ, ಅದು ಸ್ವಲ್ಪ ಉದ್ದವಾಗುತ್ತದೆ.

ಮೇಡಂ, ಮೂರೂ ಪಂದ್ಯಗಳನ್ನು ಎರಡೆರಡು ಸಲ ನೋಡಿದೆ. ಹುಡುಗನಲ್ಲಿ ಸತ್ವವಿದೆ. ಮೊದಲ ಪಂದ್ಯದ ಮೂರನೆಯ ಕ್ವಾರ್ಟರ್‌ನಲ್ಲಿ, ಥರ್ಡ್ ಡೌನ್‌ಗೆ ಒಂಬತ್ತು ಗಜ ಬೇಕಿದ್ದಾಗ, ಎದುರಾಳಿಯ ಹಿಂಬದಿ ಕಾಯುವ ಎಡಗಡೆಯ ಸೇಫ್ಟಿಯನ್ನು ಬರಿಯ ಕಣ್ಣಿನಿಂದಲೇ ಆಚೆಗೆ ಸರಿಸಿ ನಡುವೆ ಎಸೆದದ್ದನ್ನು ಐದು ಬಾರಿ ಹಿಂದಕ್ಕೆ ತಿರುಗಿಸಿ ನೋಡಿದೆ. ರಿಸೀವರ್ ಇನ್ನೂ ಮುಖ ತಿರುಗಿಸಿರಲಿಲ್ಲ, ಚೆಂಡು ಆಗಲೇ ಕೈಬಿಟ್ಟಿತ್ತು. ಇಂಥದ್ದನ್ನು ಹೇಳಿಕೊಡಲು ಬರುವುದಿಲ್ಲ. ಆದರೆ ಅವನ ಶೇ. 70ರಲ್ಲಿ ಬಹುಪಾಲು ಸ್ಕ್ರೀನ್ ಪಾಸ್‌ಗಳೇ. ದೊಡ್ಡ ಪಾಸ್‌ಗಳಲ್ಲಿ ಹೆಚ್ಚಿನವು ಮೈದಾನದ ಅಗಲವಾದ ಬದಿಗೆ ಹೋಗಿವೆ. ಕಾಲೇಜು ಮೈದಾನದಲ್ಲಿ ಆಟ ಶುರುವಾಗುವಾಗ ಚೆಂಡನ್ನು ಇಡುವ ಜಾಗದ ಎಲ್ಲೆಯಾದ ಎರಡು ಹ್ಯಾಶ್ ಗೆರೆಗಳ ನಡುವೆ 40 ಅಡಿ ಅಂತರವಿರುವುದರಿಂದ ಚೆಂಡು ಒಂದು ಗೆರೆಯ ಬಳಿ ಇದ್ದಾಗ ಇನ್ನೊಂದು ಬದಿ ಬಯಲಾಗಿ ತೆರೆದುಕೊಳ್ಳುತ್ತದೆ. ಎನ್‌ಎಫ್‌ಎಲ್‌ನಲ್ಲಿ ಆ ಅಂತರ ಹದಿನೆಂಟೂವರೆ ಅಡಿ ಮಾತ್ರ, ಅಂಥ ಬಯಲು ಅಲ್ಲಿ ಸಿಗುವುದಿಲ್ಲ. ಇಷ್ಟನ್ನೇ ಹೇಳುವುದಿದ್ದರೆ ಇನ್ನೊಂದು ವರ್ಷ ಆಡಲಿ ಎಂದು ಮುಗಿಸಿಬಿಡುತ್ತಿದ್ದೆ.

ನನ್ನನ್ನು ಕಳವಳಕ್ಕೆ ಹಚ್ಚಿದ್ದು ಎರಡನೆಯ ಪಂದ್ಯ. ಎರಡನೆಯ ಕ್ವಾರ್ಟರ್‌ನ ನಡುವೆ ಅವನು ಹಿಂದಿನಿಂದ ಬಿದ್ದ ಹೊಡೆತಕ್ಕೆ ಉರುಳುವಾಗ ಹೆಲ್ಮೆಟ್ ನೆಲಕ್ಕೆ ಬಡಿಯುತ್ತದೆ. ಏಳುವಾಗ ಬಲಗೈಯಿಂದ ತನ್ನ ತಂಡದ ಲೈನ್‌ಮನ್‌ನ ಭುಜ ಹಿಡಿದುಕೊಳ್ಳುತ್ತಾನೆ, ಎರಡು ಹೆಜ್ಜೆ ಓರೆಯಾಗಿ ಇಡುತ್ತಾನೆ. ಮುಂದಿನ ಆಟದಲ್ಲಿ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ತನ್ನ ಜಾಗದಲ್ಲಿ ಸರಿಯಾಗಿಯೇ ನಿಂತಿದ್ದರೂ ಇವನು ಅವನನ್ನು ಇನ್ನೊಂದು ಬದಿಗೆ ಕಳಿಸುತ್ತಾನೆ, ಆಮೇಲೆ ಸೈಡ್‌ಲೈನ್ ಕಡೆಗೆ ನೋಡಿ ಸಂಕೇತವನ್ನು ಮತ್ತೆ ಕೇಳುತ್ತಾನೆ. ಅದಕ್ಕೂ ಮೊದಲು ಒಮ್ಮೆಯೂ ಎರಡನೆಯ ಸಲ ಕೇಳದ ಹುಡುಗ ಆಮೇಲೆ ನಾಲ್ಕು ಬಾರಿ ಕೇಳಿದ್ದಾನೆ. ಒಂದು ಆಟಕ್ಕೂ ಅವನನ್ನು ಹೊರಗೆ ಕರೆದಿಲ್ಲ. ಮೂರನೆಯ ಪಂದ್ಯದಲ್ಲಿ ಅವನ ಕಣ್ಣು ಮೊದಲ ರಿಸೀವರ್‌ನಲ್ಲೇ ಸಿಕ್ಕಿಕೊಂಡಿದೆ. ಬೇರೆ ಸ್ಕೌಟ್‌ಗಳು ಅದನ್ನು ‘ಧೈರ್ಯ ಕುಗ್ಗಿದೆ’ ಎಂದು ಬರೆದುಕೊಳ್ಳಬಹುದು, ಆದರೆ ಅದು ತಲೆಗೆ ಬಿದ್ದ ಪೆಟ್ಟಿನ ಫಲ ಎಂಬ ಶಂಕೆ ನನ್ನದು.

ನಾನು ವೈದ್ಯನಲ್ಲ, ಆದ್ದರಿಂದ ಕಂಕಷನ್ (ಪೆಟ್ಟಿನಿಂದ ಮಿದುಳಿಗಾಗುವ ಆಘಾತ) ಎಂದು ತೀರ್ಮಾನಿಸುವ ಹಕ್ಕು ನನಗಿಲ್ಲ. 2022ರ ಸೆಪ್ಟೆಂಬರ್ 25ರಂದು ಮಯಾಮಿ ತಂಡದ ಕ್ವಾರ್ಟರ್‌ಬ್ಯಾಕ್ ಟುವಾ ಟಾಗೋವೈಲೋವಾ ಹೊಡೆತ ತಿಂದು ತೂರಾಡಿದ, ಆದರೂ ಆಟಕ್ಕೆ ಮರಳಿದ, ನಾಲ್ಕೇ ದಿನಕ್ಕೆ ಇನ್ನೊಂದು ಪಂದ್ಯದಲ್ಲಿ ಸ್ಟ್ರೆಚರ್ ಮೇಲೆ ಹೊರಗೆ ಹೋದ. ಆಮೇಲೆ ಎನ್‌ಎಫ್‌ಎಲ್‌ನವರು ತಲೆಪೆಟ್ಟಿನ ನಿಯಮವನ್ನೇ ತಿದ್ದಿ, ತೂರಾಡಿದವನು ಆ ಪಂದ್ಯದಲ್ಲಿ ಮತ್ತೆ ಮೈದಾನಕ್ಕೆ ಇಳಿಯುವಂತಿಲ್ಲ ಎಂದು ಮಾಡಿದರು. ನಾಳೆಯೇ ತಲೆಪೆಟ್ಟುಗಳನ್ನು ನೋಡುವ ಕ್ರೀಡಾವೈದ್ಯರ ಬಳಿಗೆ ಕರೆದೊಯ್ಯಿರಿ. ಆಡಬಹುದೆಂದು ಅವರು ಬರೆದುಕೊಡುವವರೆಗೆ ಅಭ್ಯಾಸವೂ ಬೇಡ, ಡ್ರಾಫ್ಟ್‌ನ ಮಾತೂ ಬೇಡ.

ಫ್ರೀಮಾಂಟ್‌ನ ಸದಸ್ಯರು: ಇದು ನಮ್ಮ ಊರಿನ ಗುಂಪಿನಲ್ಲಿ ಬಂದಿತ್ತು: ತಲೆಗೆ ಪೆಟ್ಟಾದರೆ ಬ್ರಾಹ್ಮೀ ಎಣ್ಣೆ ತಿಕ್ಕಿ ಮೂರು ದಿನ ಕತ್ತಲೆ ಕೋಣೆಯಲ್ಲಿ ಮಲಗಿಸಿದರೆ ಸಾಕು.

ಸ್ಕೌಟ್: ಸಾಲದು. ಮೇಡಂ, ಇದನ್ನು ಓದಿ ಒಂದು ದಿನವನ್ನೂ ಕಳೆಯಬೇಡಿ. ವಾಂತಿ, ಹೆಚ್ಚುತ್ತಿರುವ ತಲೆನೋವು, ತೊದಲು ಇವುಗಳಲ್ಲಿ ಯಾವುದು ಕಂಡರೂ ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಬೇಕು. ಇಂಥ ಫಾರ್ವರ್ಡ್‌ಗಳಿಂದ ಜೀವ ಹೋಗಬಹುದು. ಮತ್ತೊಮ್ಮೆ ಹಾಕಿದರೆ ನಾನು ಇಲ್ಲಿಂದ ಹೊರಡುತ್ತೇನೆ.

ಫ್ರೀಮಾಂಟ್‌ನ ಸದಸ್ಯರು: ಒಳ್ಳೆಯದಾಗಲೆಂದು ಹಾಕಿದೆ. ಇಷ್ಟು ಕಟುವಾಗಿ ಹೇಳಬೇಕಿತ್ತೇ?

ಹೂಸ್ಟನ್‌ನ ಸದಸ್ಯರು: ನಾವು ಮಂಡ್ಯದಲ್ಲಿ ಮೂಗು ಒಡೆದುಕೊಂಡೇ ಕಬಡ್ಡಿ ಆಡಿದವರು. ಈಗಿನ ಹುಡುಗರಿಗೆ ಗಟ್ಟಿತನ ಇಲ್ಲ.

ಕ್ಯಾನ್ಸಸ್ ಸಿಟಿಯ ಸದಸ್ಯರು: ಮೂಗು ಬೇರೆ, ಮಿದುಳು ಬೇರೆ. ಇಷ್ಟೂ ತಿಳಿಯದಿದ್ದರೆ ಸುಮ್ಮನಿರಿ.

ಹೂಸ್ಟನ್‌ನ ಸದಸ್ಯರು: ನನಗೆ ಬಾಯಿ ಮುಚ್ಚೆನ್ನಲು ನೀವು ಯಾರು?

ನಿರ್ವಾಹಕರು: ಇಬ್ಬರೂ ನಿಲ್ಲಿಸಿ.

ಆಸ್ಟಿನ್‌ನ ಸದಸ್ಯರು: ಮೊದಲ ಸುತ್ತಿನಲ್ಲಿ ಆಯ್ಕೆಯಾದರೆ ಒಪ್ಪಂದದ ಹಣ ಎಷ್ಟಿರುತ್ತದೆ ಸರ್?

ಟ್ಯಾಂಪಾದ ಸದಸ್ಯರು: ಟಾಮ್ ಬ್ರೇಡಿಯಂಥ ದೊಡ್ಡ ಕ್ವಾರ್ಟರ್‌ಬ್ಯಾಕ್ 199ನೆಯ ಆಯ್ಕೆಯಾಗಿ ಹೋದನೆಂದರೆ ಸ್ಕೌಟ್‌ಗಳಿಗೆ ಏನು ಗೊತ್ತಾಗುತ್ತದೆ ಎಂದು ನಂಬಬೇಕು?

ಸ್ಕೌಟ್: ನ್ಯಾಯವಾದ ಪ್ರಶ್ನೆ. 2000ದಲ್ಲಿ ಎಲ್ಲರೂ ಅವನ 40 ಗಜದ ಓಟವನ್ನು ನೋಡಿದರು: 5.28 ಸೆಕೆಂಡು, ತೀರಾ ನಿಧಾನ. ಅದೇ ವರ್ಷದ ಜನವರಿಯಲ್ಲಿ ಆರೆಂಜ್ ಬೌಲ್‌ನಲ್ಲಿ ಅಲಬಾಮಾ ವಿರುದ್ಧ ಅವನ ಕಾಲೇಜು ತಂಡ ಮಿಷಿಗನ್ ಎರಡು ಬಾರಿ ಹದಿನಾಲ್ಕು ಅಂಕ ಹಿಂದೆ ಬಿದ್ದಾಗ ಅವನು ಹೇಗೆ ಆಡಿದ ಎಂಬುದಕ್ಕೆ ಸಾಕಷ್ಟು ತೂಕ ಕೊಡಲಿಲ್ಲ. ಆ ತಪ್ಪು ನಮ್ಮ ಕಸುಬಿನದೇ, ಒಪ್ಪುತ್ತೇನೆ. ನಾನು ವಿಡಿಯೋಗೆ ಜೋತುಬೀಳುವುದು ಅದಕ್ಕೇ.

ಸಿಯಾಟಲ್‌ನ ಸದಸ್ಯರು: ಎತ್ತರ ಕಡಿಮೆಯಿದ್ದರೆ ತೊಂದರೆಯೇ?

ಸ್ಕೌಟ್: ಮೇಲೆ ಓದಿ.

ಓಹಾಯೋದ ಸದಸ್ಯೆ: ಸರ್, ಈಗಷ್ಟೇ ಅಕ್ಕನೊಂದಿಗೆ ಮಾತಾಡಿದೆ. ಆ ಪಂದ್ಯದಿಂದ ಬೆಳಕು ನೋಡಿದರೆ ತಲೆ ಸಿಡಿಯುತ್ತದೆ ಎಂದು ಅವನು ರೂಮ್‌ಮೇಟ್‌ಗೆ ಹೇಳಿದ್ದನಂತೆ, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ವೈದ್ಯರ ಸಮಯ ಸಿಕ್ಕಿದೆ.

ಸ್ಕೌಟ್: ಒಳ್ಳೆಯದಾಯಿತು ಮೇಡಂ. ರೂಮ್‌ಮೇಟ್‌ನನ್ನೂ ಜೊತೆಗೆ ಕರೆದೊಯ್ಯಿರಿ, ಹುಡುಗ ಮುಚ್ಚಿಟ್ಟದ್ದನ್ನು ಅವನು ಹೇಳಬಹುದು. ಎರಡನೆಯ ಪಂದ್ಯದ ವಿಡಿಯೋವನ್ನು 18ನೆಯ ನಿಮಿಷದಿಂದ ವೈದ್ಯರಿಗೆ ತೋರಿಸಿ. ಆಟದ ಬಗ್ಗೆ ನನ್ನ ಅಭಿಪ್ರಾಯ ಬೇಕಿದ್ದರೆ ಕಳೆದ ವರ್ಷದ ಪಂದ್ಯಗಳನ್ನು ಕಳಿಸಿ. ಮೂರನೆಯ ಪಂದ್ಯವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.