ಹಿಸ್ಟರಿ ಅಳಿಸಿದ್ರೂ ಅಪ್ಪನ ಟ್ಯಾಬ್‌ನಲ್ಲಿ ಅದೇ ಆಸ್ಪತ್ರೆ ಆ್ಯಡ್ ಬರ್ತಿದೆ, ಏನ್ ಮಾಡ್ಲಿ?

ಕಲ್ಪತರು_ಮಗಳು:
ಎಲ್ರಿಗೂ ನಮಸ್ಕಾರ. ನಮ್ಮಪ್ಪಂಗೆ 71 ವರ್ಷ, ತಿಪಟೂರಲ್ಲಿದಾರೆ. ಹೋದ ತಿಂಗಳು ಬಯಾಪ್ಸಿ ರಿಪೋರ್ಟ್ ಬಂತು, ಪ್ರಾಸ್ಟೇಟ್ ಕ್ಯಾನ್ಸರ್ ಅಂತ. ಅವ್ರಿಗೆ ಇನ್ನೂ ಹೇಳಿಲ್ಲ, ಅಣ್ಣ ಬರೋವರ್ಗೂ ಬೇಡ ಅಂತ ಅಮ್ಮ ಹಠ ಹಿಡಿದಿದಾರೆ. ಒಂದಿನ ರಾತ್ರಿ ನನ್ ಫೋನಲ್ಲಿ ಚಾರ್ಜ್ ಇರ್ಲಿಲ್ಲ, ಅಪ್ಪ ಮಲಗಿದ್ಮೇಲೆ ಅವರ ಟ್ಯಾಬ್‌ನಲ್ಲೇ ಕೂತು ಸ್ಟೇಜ್ ಅಂದ್ರೇನು, ರೇಡಿಯೇಷನ್‌ಗೆ ಎಷ್ಟಾಗುತ್ತೆ ಅಂತೆಲ್ಲಾ ಹುಡುಕ್ದೆ, ಎರಡ್ಮೂರು ಆಸ್ಪತ್ರೆ ಸೈಟ್ ತೆಗೆದೆ, ಒಂದ್ರಲ್ಲಿ ಅಪಾಯಿಂಟ್‌ಮೆಂಟ್ ಪೇಜ್‌ವರೆಗೂ ಹೋಗಿ ವಾಪಸ್ ಬಂದೆ. ಮುಗಿದ್ಮೇಲೆ ಹಿಸ್ಟರಿ ಪೂರ್ತಿ ಅಳಿಸಿದ್ದು ಚೆನ್ನಾಗಿ ನೆನಪಿದೆ.

ಬೆಳಿಗ್ಗೆ ಅಪ್ಪ ಕಾಫಿ ಲೋಟ ಹಿಡ್ಕೊಂಡು ದಿನಾ ನೋಡೋ ಹಾಗೆ ಕೊಬ್ಬರಿ ರೇಟ್ ನೋಡ್ತಿದ್ರು. ರೇಟಿನ ಪಟ್ಟಿ ಮಧ್ಯೆ ಅದೇ ಆಸ್ಪತ್ರೆ ಆ್ಯಡ್, ಕಾಯಿಲೆ ಹೆಸರು ಕನ್ನಡದಲ್ಲೇ ದೊಡ್ಡ ಅಕ್ಷರದಲ್ಲಿ. ಬೆರಳಲ್ಲಿ ಮೇಲಕ್ಕೆ ತಳ್ಳಿದ್ರು, ಕೆಳಗೆ ಮತ್ತೆ ಅದೇ. ಒಂದ್ಸಲ ನನ್ ಮುಖ ನೋಡಿದ್ರು, ಏನೂ ಕೇಳ್ಲಿಲ್ಲ, ಟ್ಯಾಬ್ ಮಡಚಿಟ್ಟು ತೋಟಕ್ಕೆ ಹೋದ್ರು. ನಾಲ್ಕು ದಿನ ಆಯ್ತು, ಇನ್ನೂ ಬರ್ತಾನೇ ಇದೆ. ಅಳಿಸಿದ್ಮೇಲೂ ಹೆಂಗೆ ಬರುತ್ತೆ? ಹಿಸ್ಟರಿ ಉಳಿಸದ ಇನ್ಕಾಗ್ನಿಟೋ ಕಿಟಕಿಲಿ ನೋಡಿದ್ರೆ ಹಿಂಗಾಗ್ತಿರ್ಲಿಲ್ವಾ? ದಯವಿಟ್ಟು ಯಾರಾದ್ರೂ ಹೇಳಿ.

ಹಾಸನ_ಹುಡುಗ:
ಅಕ್ಕ, ಓದಿ ಬಹಳ ಸಂಕಟ ಆಯ್ತು. ನಾನು ವೆಬ್‌ಸೈಟ್ ಮಾಡೋ ಕೆಲಸದಲ್ಲೇ ಇದೀನಿ. ನೀವು ಅಳಿಸಿದ್ದು ಟ್ಯಾಬ್‌ನಲ್ಲಿದ್ದ ಪಟ್ಟಿ ಮಾತ್ರ. ಆಸ್ಪತ್ರೆ ಪೇಜ್ ತೆಗೆದಾಗ ಅದ್ರೊಳಗೆ ಜಾಹೀರಾತು ಕಂಪನಿಗಳ ಪುಟ್ಟ ಕೋಡ್‌ಗಳೂ ಓಡ್ತವೆ, ಅವು ನಿಮ್ಮ ಬ್ರೌಸರ್‌ಗೆ ಒಂದು ನಂಬರ್ ಕೊಟ್ಟು ಕುಕಿ ಅಂತ ಇಟ್ಟು ಹೋಗ್ತವೆ. ಆಮೇಲೆ ಕೊಬ್ಬರಿ ರೇಟಿನ ಪೇಜಲ್ಲೂ ಅದೇ ಕಂಪನಿ ಕೋಡ್ ಇದ್ರೆ ಆ ನಂಬರ್ ಓದಿ, ಓ ಇವ್ರು ಅಪಾಯಿಂಟ್‌ಮೆಂಟ್‌ವರೆಗೂ ಬಂದು ಹೋದವ್ರು ಅಂತ ಗುರುತು ಹಿಡಿದು ಅದೇ ಆ್ಯಡ್ ತೋರಿಸುತ್ತೆ, ಇದಕ್ಕೆ ರೀಟಾರ್ಗೆಟಿಂಗ್ ಅಂತಾರೆ. ಯಾವ ನಂಬರಿನವ್ರು ಯಾವ ಪೇಜ್ ನೋಡಿದ್ರು ಅನ್ನೋ ಲೆಕ್ಕ ಅವರ ಸರ್ವರ್‌ನಲ್ಲಿರುತ್ತೆ, ನಿಮ್ಮ ಡಿಲೀಟ್ ಬಟನ್ ಅಲ್ಲಿಗೆ ಮುಟ್ಟಲ್ಲ.

ಈಗ ಮಾಡ್ಬೇಕಾದ್ದು: ಕ್ರೋಮ್‌ನಲ್ಲಿ ಡಿಲೀಟ್ ಬ್ರೌಸಿಂಗ್ ಡೇಟಾಗೆ ಹೋಗಿ 'ಆಲ್ ಟೈಮ್' ಇಟ್ಟು, ಕುಕೀಸ್ ಅನ್ನೋದಕ್ಕೂ ಟಿಕ್ ಹಾಕಿ ಅಳಿಸಿ, ಬಹುಪಾಲು ಸೈಟಿಂದ ಲಾಗೌಟ್ ಆಗುತ್ತೆ, ಅಪ್ಪನ ಪಾಸ್‌ವರ್ಡ್ ಮೊದ್ಲೇ ಬರೆದಿಟ್ಕೊಳ್ಳಿ. ಆಮೇಲೆ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಥರ್ಡ್ ಪಾರ್ಟಿ ಕುಕೀಸ್, ಅಂದ್ರೆ ನೀವು ತೆಗೆದ ಸೈಟಲ್ಲದೆ ಬೇರೆ ಕಂಪನಿಗಳು ಇಡೋ ಕುಕಿ, ಬ್ಲಾಕ್ ಮಾಡಿ. ಗೂಗಲ್ ಅಕೌಂಟಿನ 'ಮೈ ಆ್ಯಡ್ ಸೆಂಟರ್'ನಲ್ಲಿ ಪರ್ಸನಲೈಸ್ಡ್ ಆ್ಯಡ್ಸ್ ಆಫ್ ಮಾಡಿ, ಟ್ಯಾಬ್ ಸೆಟ್ಟಿಂಗ್ಸ್‌ನಲ್ಲಿ ಆ್ಯಡ್ಸ್ ಅಂತ ಹುಡುಕಿ ಅಡ್ವರ್ಟೈಸಿಂಗ್ ಐಡಿ ಡಿಲೀಟ್ ಮಾಡಿ, ಆ್ಯಪ್‌ಗಳಲ್ಲಿ ಬರೋದು ಆ ಐಡಿ ಮೇಲೆ. ಆ್ಯಡ್ ನಿಂತೇ ಹೋಗುತ್ತೆ ಅಂತಲ್ಲ, ಬರುತ್ತೆ, ಆದ್ರೆ ಈ ಥರ ಹುಡುಕ್ಕೊಂಡು ಬರಲ್ಲ.

ಬಯಲುಸೀಮೆ:
ಸರಿಯಾಗಿ ಹೇಳಿದೀರ. ಒಂದು ಸೇರಿಸ್ತೀನಿ, ಇನ್ಕಾಗ್ನಿಟೋ ಇದ್ದಿದ್ರೆ ಕಿಟಕಿ ಮುಚ್ಚಿದ ತಕ್ಷಣ ಕುಕಿ ಹೋಗ್ತಿತ್ತು, ಆದ್ರಿಂದ ಬಹುಶಃ ಈ ಆ್ಯಡ್ ತಪ್ತಿತ್ತು, ಆದ್ರೆ ಅದು ಮನೆಯೋರ ಕಣ್ಣಿಂದ ಮುಚ್ಚಿಡೋದು, ಕಂಪನಿಗಳಿಂದ ಅಲ್ಲ. ಅಮೆರಿಕದಲ್ಲಿ ಇದೇ ವಿಷಯಕ್ಕೆ 2020ರಲ್ಲಿ ಗೂಗಲ್ ಮೇಲೆ ಕೇಸಾಗಿ, 2024ರಲ್ಲಿ ಕೋಟಿಗಟ್ಟಲೆ ದಾಖಲೆ ಅಳಿಸ್ತೀವಿ ಅಂತ ಒಪ್ಕೊಂಡ್ರು.

ನಂಗೆ ನಿಜವಾಗ್ಲೂ ಸಿಟ್ಟು ಬರೋದು ಎಲ್ಲಿ ಅಂದ್ರೆ, ಆಪಲ್‌ನ ಸಫಾರಿ ಬ್ರೌಸರ್ 2020ರಲ್ಲೇ ಥರ್ಡ್ ಪಾರ್ಟಿ ಕುಕಿ ಪೂರ್ತಿ ನಿಲ್ಲಿಸಿತು, ಫೈರ್‌ಫಾಕ್ಸ್ 2022ರಲ್ಲಿ ಪ್ರತಿ ಸೈಟಿನ ಕುಕಿ ಬೇರೆಬೇರೆ ಡಬ್ಬಿಲಿಟ್ಟ ಹಾಗೆ ಮಾಡಿತು. ಕ್ರೋಮ್ ಕೂಡ 2020ರ ಜನವರಿಲಿ 'ಎರಡು ವರ್ಷದಲ್ಲಿ ತೆಗೀತೀವಿ' ಅಂತು, ಮುಂದಕ್ಕೆ ಹಾಕ್ತಾ ಹಾಕ್ತಾ 2024ರಲ್ಲಿ ಕೈಬಿಟ್ಟಿತು. ನಮ್ಮಲ್ಲಿ ಅಪ್ಪ ಅಮ್ಮಂದಿರ ಟ್ಯಾಬಲ್ಲಿ ಬಹುಪಾಲು ಅದೇ ತಾನೇ ಇರೋದು. ಅಂಥವ್ರು ಸೆಟ್ಟಿಂಗ್ ಒಳಗೆ ಹೊಕ್ಕು ಹುಡುಕಬೇಕು ಅಂದ್ರೆ ಹೆಂಗೆ? ಮೇಡಂ, ಆ ಟ್ಯಾಬ್‌ಗೆ ಫೈರ್‌ಫಾಕ್ಸ್ ಹಾಕಿ, ಅದ್ರೊಳಗೆ ಆ್ಯಡ್ ತಡೆಯೋ ಯುಬ್ಲಾಕ್ ಒರಿಜಿನ್ ಹಾಕ್ಬಿಡಿ, ನಮ್ಮಮ್ಮನ ಫೋನಿಗೆ ಅದೇ ಹಾಕಿದೀನಿ.

ಧಾರವಾಡ_ವಕೀಲ:
ತಂಗಿ, ಸೆಟ್ಟಿಂಗ್ ಮಾತು ಅವ್ರು ಹೇಳ್ಯಾರ, ನಾ ಕಾಯ್ದೆ ಮಾತು ಹೇಳ್ತೀನಿ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ಕ್ಕ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಅರ್ಜಿ ಮ್ಯಾಲೆ. 2023ರ ಡೇಟಾ ಕಾಯ್ದೆ ಪ್ರಕಾರ ಒಪ್ಪಿಗೆ ಕೊಟ್ಟಷ್ಟ ಸಲೀಸಾಗಿ ಅದನ್ನ ವಾಪಸ್ ತಗೊಳ್ಳಾಕ ಬರಬೇಕು. ನಿಯಮ 2025ರ ನವೆಂಬರಿನಾಗ ಬಂದಾವ, ಆದ್ರ ಕಂಪನಿಗೋಳಿಗೆ ತಯಾರಾಗಾಕ 18 ತಿಂಗಳ ಟೈಮ್ ಕೊಟ್ಟಾರ. ಆದ್ರೂ ಆ ಆಸ್ಪತ್ರೆಗೆ ಒಪ್ಪಿಗೆ ವಾಪಸ್ ತಗೊಂಡೀವಿ ಅಂತ ಈಗ ಒಂದು ಮೇಲ್ ಹಾಕ್ರಿ, ಆ್ಯಡಿನ ಫೋಟೋ, ತಾರೀಖು ಇಟ್ಕೊಳ್ರಿ. ರೋಗದ ಹೆಸರು ಬರೆದು ಬೆನ್ನು ಹತ್ತೋ ಆ್ಯಡ್ ಗೂಗಲ್‌ನ ಸ್ವಂತ ನಿಯಮದ ಪ್ರಕಾರನೂ ಹಾಕಾಕ ಬರಂಗಿಲ್ಲ, ಅವರ ಮೂಲಕ ಬಂದಿದ್ರ ಆ್ಯಡ್ ಮ್ಯಾಲಿನ ಗುರುತು ಒತ್ತಿ ರಿಪೋರ್ಟ್ ಮಾಡ್ರಿ.

ಕಲ್ಪತರು_ಮಗಳು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಕುಕಿ ಅಳಿಸಿ, ಬ್ಲಾಕ್ ಮಾಡಿ, ಐಡಿನೂ ತೆಗೆದೆ, ಫೈರ್‌ಫಾಕ್ಸ್ ಹಾಕಿದೀನಿ, ನಿನ್ನೆ ಸಂಜೆಯಿಂದ ಒಂದೂ ಬಂದಿಲ್ಲ. ಆದ್ರೆ ಬೆಳಿಗ್ಗೆ ಟ್ಯಾಬ್ ಕೊಟ್ಟಾಗ ಅಪ್ಪ ತಗೊಳ್ಲಿಲ್ಲ, 'ಕೊಬ್ಬರಿ ರೇಟ್ ನೀನೇ ಓದು' ಅಂದ್ರು. ಓದಿದೆ. ಅಣ್ಣಂಗೆ ಫೋನ್ ಮಾಡಿದೀನಿ, ಶನಿವಾರವೇ ಹೊರಟು ಬರ್ತಿದಾನೆ. ಮೇಲ್ ಕಳ್ಸಿ ಏನಾಯ್ತು ಅಂತ ಇಲ್ಲೇ ಬರೀತೀನಿ.