ಹಲ್ಲಿನ ಡಾಕ್ಟರ್ ಕೊಟ್ಟ ಚೀಟಿಯಲ್ಲಿ ‘ಆರ್‌ಸಿಟಿ + ಕ್ರೌನ್, ಎಂಡೋ’ ಅಂತಿದೆ, ಏನಿದು?

ಮಂಡ್ಯದಲ್ಲಿದ್ದೇವೆ. ಅಮ್ಮನ ದವಡೆ ಹಲ್ಲು ರಾತ್ರಿಯೆಲ್ಲ ಸಿಡಿಯುತ್ತೆ, ಬಿಸಿ ಕಾಫಿ ತಾಗಿದರೆ ಜೀವ ಹೋಗುತ್ತೆ. ‘ಕಿತ್ತು ಬಿಸಾಕಿಸು’ ಅಂತಾರೆ. ಯಾರಿಗೆ ತೋರಿಸಬೇಕು?

ಉತ್ತರ 1: ಸುಮ್ನೆ ಕೀಳಿಸಬೇಡಿ! ಆರ್‌ಸಿಟಿ ಅಂದರೆ ರೂಟ್ ಕೆನಾಲ್. ಒಳಗಿನ ಕೆಟ್ಟ ನರ ತೆಗೆದು, ಬೇರಿನವರೆಗೂ ಕ್ಲೀನ್ ಮಾಡಿ ತುಂಬುತ್ತಾರೆ. ಬಿಡಿಎಸ್, ಅಂದರೆ ಹಲ್ಲಿನ ಡಿಗ್ರಿ ಓದಿದ ಡಾಕ್ಟರೂ ಮಾಡ್ತಾರೆ. ಈ ಕೆಲಸದಲ್ಲೇ ಎಂಡಿಎಸ್, ಅಂದರೆ ಅದರ ಮೇಲಿನ ಡಿಗ್ರಿ ಓದಿದವರು ಎಂಡೋಡಾಂಟಿಸ್ಟ್; ಚೀಟಿಯ ‘ಎಂಡೋ’ ಅಂದರೆ ಅವರೇ. ಕ್ರೌನ್ ಅಂದರೆ ಮೇಲಿನ ಕ್ಯಾಪ್. ದುಡ್ಡು ಉಳಿಸೋಕೆ ಅದನ್ನು ಬಿಟ್ಟರೆ, ಕೋಡುಬಳೆ ಕಡಿಯುವಾಗ ಹಲ್ಲು ಸೀಳಬಹುದು.

ಉತ್ತರ 2: ಮೈಸೂರಿನ ಜೆಎಸ್‌ಎಸ್ ಡೆಂಟಲ್ ಕಾಲೇಜಿನಲ್ಲಿ ಎಲ್ಲ ವಿಭಾಗವೂ ಇದೆ. ವಸಡಿಗೆ ಪೆರಿಯೋ, ಕ್ಲಿಪ್ಪಿಗೆ ಆರ್ಥೋ, ಹಲ್ಲುಸೆಟ್ಟಿಗೆ ಪ್ರಾಸ್ಥೋ.

ಉತ್ತರ 3: ಮುಖ ಊದಿ ಜ್ವರ ಬಂದರೆ ಮಾತ್ರೆ ನುಂಗಿಕೊಂಡು ಕೂರಬೇಡಿ, ಅವತ್ತೇ ಹೋಗಿ.